ಬಾಗಿಲಿಗೆ ಮುಖ ಮಾಡಿದ ಜೋಡು

ಸೊಕ್ಚೊ ಬಂದರಿನ ಅಬಾಯಿ ಕೇರಿಯಲ್ಲಿ ಬುನೊಕ್ ಒಂಟಿ ಹೆಂಗಸು. ಆದರೂ ಅವಳ ಬಾಗಿಲ ಮುಂದಿನ ಕಲ್ಲಿನ ಮೇಲೆ ಗಂಡಸಿನ ಬಿಳಿ ರಬ್ಬರ್ ಜೋಡೊಂದು ಸದಾ ಇರುತ್ತಿತ್ತು. ಬಿಸಿಲಿಗೆ ಹಳದಿಯಾದರೆ ಹೊಸದು ತರುತ್ತಿದ್ದಳು. ಕಳ್ಳರನ್ನು ಹೆದರಿಸಲು ಇಟ್ಟಿದ್ದಾಳೆ ಎಂದು ಕೇರಿ ನಂಬಿತ್ತು. ಅವಳೂ ಅಲ್ಲವೆನ್ನಲಿಲ್ಲ.

ಯುದ್ಧದ ಚಳಿಗಾಲದಲ್ಲಿ ಗಂಡ ದೊಕ್‌ಸುವಿನ ಜೊತೆ ಉತ್ತರದಿಂದ ದೋಣಿಯಲ್ಲಿ ಬಂದವಳು ಅವಳು. ಮದುವೆಯಾಗಿ ವರ್ಷ ತುಂಬಿರಲಿಲ್ಲ. "ಅಮ್ಮನ್ನ ಕರ್ಕೊಂಡು ಬಂದ್ಬಿಡ್ತೀನಿ, ಗಂಜಿ ಆರೋದ್ರೊಳಗೆ" ಎಂದು ನಗುತ್ತ ದೊಕ್‌ಸು ಅದೇ ದೋಣಿ ಹತ್ತಿ ತಿರುಗಿ ಹೋದ. ಅವನ ಹಿಂದೆಯೇ ಉತ್ತರ ದಕ್ಷಿಣಗಳ ನಡುವಿನ ಗಡಿ ಮುಚ್ಚಿತು. ಬೊಂಡಾಸು ಮೀನಿನ ಹೊಟ್ಟೆಗೆ ಅನ್ನ ತುಂಬಿ, ಬೇಯಿಸಿ, ಸಂತೆಯಲ್ಲಿ ಮಾರುತ್ತ ಬುನೊಕ್‌ಳ ತಲೆ ನರೆಯಿತು.

ಪಕ್ಕದ ಮನೆಯ ಮಾಲ್‌ಸುನ್ ಅವಳನ್ನು ಗ್ರಂಥಾಲಯಕ್ಕೆ ಎಳೆದೊಯ್ದಳು. "ಬಾ ಅಕ್ಕ, ಅಲ್ಲಿ ನೆಲ ಬೆಚ್ಚಗಿದೆ, ಕಥೆ ಪುಕ್ಕಟೆ!" ಗ್ರಂಥಾಲಯ ನೋಡಿಕೊಳ್ಳುವ ಹೇರಿಮ್ ಎಂಬ ಹುಡುಗಿ ಮಧ್ಯಾಹ್ನದ ಹೊತ್ತು ಮುದುಕಿಯರಿಗೆ ಕಾದಂಬರಿ ಓದಿ ಹೇಳುತ್ತಿದ್ದಳು. ಒಂದರಲ್ಲಿ ನಾವಿಕ, ಒಂದರಲ್ಲಿ ಸಿಪಾಯಿ, ಇನ್ನೊಂದರಲ್ಲಿ ಗಣಿಗೆ ದುಡಿಯಲು ಹೋದ ಅಪ್ಪ. ಚಳಿಗಾಲ ಮುಗಿಯುವಾಗ ಅವಳು ಕೇಳಿದಳು: "ಅಜ್ಜಿ, ಇಷ್ಟೂ ಕಥೇಲಿ ಒಂದೇ ಥರ ಇರೋದೇನು?"

"ಗಂಡಸರು ಹೋಗ್ತಾರೆ, ಹೆಂಗಸರು ಸೌತೆ ಉಪ್ಪಿನಕಾಯಿ ಹಾಕ್ಕೊಂಡು ಕೂತಿರ್ತಾರೆ" ಎಂದಳು ಮಾಲ್‌ಸುನ್. ಎಲ್ಲರೂ ಬಿದ್ದು ಬಿದ್ದು ನಕ್ಕರು.

"ಹಾಗಾದ್ರೆ ಅದನ್ನೇ ಬಟ್ಟೇಲಿ ಚಿತ್ರ ಮಾಡಿ, ಗೋಡೆಗೆ ಹಾಕೋಣ. ಅಕ್ಷರ ಬೇಡ. ನೋಡಿದವರಿಗೆ ಎಲ್ಲಾ ಕಥೇನೂ ನೆನಪಾಗ್ಬೇಕು" ಎಂದಳು ಹೇರಿಮ್.

ಒಬ್ಬಳು ಸಮುದ್ರ ಎಂದಳು, ಒಬ್ಬಳು ಚಂದ್ರ ಎಂದಳು. ಬುನೊಕ್ ಹೇಳಿದಳು: "ಬಾಗಿಲು. ಅದರ ಮುಂದೆ ಒಂದು ಜೋಡು. ಅಷ್ಟು ಸಾಕು."

ಹೊಲಿಯುವ ಕೆಲಸ ಅವಳ ಪಾಲಿಗೇ ಬಂತು. ಮನೆಮನೆಯ ಹಳೆ ಸೆಣಬಿನ ಬಟ್ಟೆ, ರೇಷ್ಮೆ ಚೂರು ಕೂಡಿಸಿ ಗೋಡೆ ಕಟ್ಟಿದಳು, ಆ ಊರಿನ ಮನೆಗಳಿಗಿರುವಂಥ ಕಾಗದದ ಬಾಗಿಲಿಗೆ ತೆಳು ಹಳದಿ ಬೆಳಕಿಟ್ಟಳು. ಕೊನೆಗೆ ಬಿಳಿ ಜೋಡು, ಅದರ ಮೂತಿ ಬಾಗಿಲ ಕಡೆಗೆ.

ನೋಡಿದ ಮಾಲ್‌ಸುನ್ ತಕರಾರು ತೆಗೆದಳು. "ಇದೇನಕ್ಕ, ರೀತಿ ರಿವಾಜು ಬೇಡ್ವಾ? ಬಂದವರ ಜೋಡನ್ನ ಮನೆಯವರು ಹೊರಮುಖಕ್ಕೆ ತಿರುಗಿಸಿಡ್ಬೇಕು, ಹೊರಡೋವಾಗ ಸಲೀಸಾಗಿ ಹಾಕ್ಕೊಳ್ಳಲಿ ಅಂತ. ಬಿಚ್ಚಿ ತಿರುಗಿಸು."

"ತಿರುಗಿಸಲ್ಲ ಕಣೇ."

"ಯಾಕೆ?"

"ತಿರುಗಿಸಿಟ್ರೆ ಹೋಗ್ಬಿಡ್ತಾನೆ."

ಮಾಲ್‌ಸುನ್ ಇಷ್ಟು ವರ್ಷ ಗೋಡೆಗೆ ಗೋಡೆ ತಾಗಿ ಬದುಕಿದ್ದಳು, ಕಳ್ಳರ ಹೆಸರು ಹೇಳಿ ಇವಳನ್ನು ಎಷ್ಟು ಬಾರಿ ಗೇಲಿ ಮಾಡಿದ್ದಳೋ. ಅವಳು ಸೂಜಿಗೆ ದಾರ ಪೋಣಿಸಿ ಬುನೊಕ್‌ಳ ಕೈಗಿತ್ತಳು. "ಹಿಮ್ಮಡಿ ಕಡೆ ಹೊಲಿಗೆ ಸಡಿಲವಾಗಿದೆ, ಭದ್ರ ಮಾಡು" ಎಂದಷ್ಟೇ ಹೇಳಿದಳು.

ಚಿತ್ರ ಗೋಡೆ ಏರಿತು. ಮೀನುಗಾರರು, ಶಾಲೆ ಮಕ್ಕಳು, ಪೋಸ್ಟ್‌ಮ್ಯಾನ್ ಎಲ್ಲರೂ ಬಂದು ನೋಡಿದರು. ಯಾರ ಜೋಡು ಎಂದು ಯಾರೂ ಕೇಳಲಿಲ್ಲ. ತಮ್ಮ ತಮ್ಮವರ ಹೆಸರನ್ನೇ ಹೇಳಿಕೊಂಡು ಹೋದರು.

ವಸಂತದಲ್ಲಿ ಬುನೊಕ್ ಹೇರಿಮ್‌ಳನ್ನು ಕೇಳಿದಳು: "ಮಗಳೇ, ಹೋದೋರು ವಾಪಸ್ ಬರೋ ಕಥೆ ಯಾವುದಾದ್ರೂ ಇದ್ಯಾ?"

ಹುಡುಗಿ ಕಪಾಟೆಲ್ಲ ಜಾಲಾಡಿ ಒಂದನ್ನು ತಂದು ಓದಿದಳು. ಮೂವತ್ತು ವರ್ಷದ ಮೇಲೆ ಗಂಡ ಮರಳುತ್ತಾನೆ. ಹೆಂಡತಿಗೆ ಗುರುತೇ ಸಿಗುವುದಿಲ್ಲ, ಯಾರೋ ದಾರಿಹೋಕ ಎಂದು ನೀರು ಕೊಟ್ಟು ಕಳಿಸಿಬಿಡುತ್ತಾಳೆ.

"ಎಂಥ ಹೆಂಗಸಮ್ಮ ಅವಳು!" ಬುನೊಕ್ ಸಿಡುಕಿದಳು. "ನಾನಾಗಿದ್ರೆ ಬೇಲಿ ಆಚೆ ಕೆಮ್ಮಿದ್ರೂ ಸಾಕಿತ್ತು, ಗುರುತು ಹಿಡೀತಿದ್ದೆ."

ಹೇರಿಮ್ ಪುಸ್ತಕ ಮುಚ್ಚಲು ಹೋದಳು. ಬುನೊಕ್ ತಡೆದಳು. "ಮುಚ್ಬೇಡ. ಅವನು ಬಾಗಿಲಿಗೆ ಬರೋ ಭಾಗ ಇನ್ನೊಂದ್ಸಲ ಓದು."