ಐಸ್ ಪ್ಲಾಂಟಿನ ಪೂವಪ್ಪನಿಗೆ ರಜೆ ಸಿಕ್ಕಿದ್ದು

ಕನ್ನಡದಲ್ಲಿ ರಜೆಗೂ ಸಜೆಗೂ ನಡುವೆ ಇರುವುದು ಒಂದೇ ಅಕ್ಷರದ ಅಂತರ. ಪೂವಪ್ಪನ ಪಾಲಿಗೆ ಅದೂ ಅಳಿಸಿಹೋಗಿತ್ತು. ಎರಡು ವರ್ಷ ದುಡಿದರೆ ಎರಡು ತಿಂಗಳು ರಜೆ ಎಂಬ ಕರಾರುಪತ್ರವನ್ನು ಮಸ್ಕತ್ತಿನ ಅಲ್ ಅಜೈಬಾದ ನಮ್ಮ ಆಫೀಸಿನಲ್ಲಿ ಟೈಪು ಮಾಡಿದವಳು ನಾನೇ. ಕಾನ್ವೆಂಟಿನ ಸಿಸ್ಟರುಗಳು ಬೆರಳಿಗೆ ರೂಲುದೊಣ್ಣೆಯಿಂದ ಹೊಡೆದು ಕಲಿಸಿದ ಟೈಪಿಂಗು, ತಪ್ಪು ಬೀಳುವುದಿಲ್ಲ. ಆದರೂ ೧೯೮೫ರಲ್ಲಿ, ದುರಸ್ತಿಗೆಂದು ಪ್ಲಾಂಟು ಎರಡು ತಿಂಗಳು ಮುಚ್ಚಿದ್ದಾಗ, ಒಮ್ಮೆ ಊರಿಗೆ ಹೋಗಿ ಬಂದವನು ೧೯೯೧ರವರೆಗೂ ಅಲ್ಲೇ ಉಳಿದಾಗ, ಏನಾದರೂ ಎಡವಟ್ಟಾಯಿತೋ ಎಂದು ಫೈಲು ತೆಗೆದು ನೋಡಿದ್ದುಂಟು.

‘ಅಲ್ಲೇ’ ಎಂದರೆ ಮಸೀರಾ ದ್ವೀಪ. ಅದರಲ್ಲೂ ದಕ್ಷಿಣದ ಕೊನೆ. ಮಸ್ಕತ್ತಿನಿಂದ ಒಂದು ಹಗಲಿಡೀ ಜೀಪಿನಲ್ಲಿ ಮೈ ನುಗ್ಗುಮಾಡಿಕೊಂಡು ಕಡಲದಂಡೆಗೆ ಬಂದು, ಫೆರಿಗೆ ಕಾಯಬೇಕು. ಫೆರಿಗೆ ವೇಳಾಪಟ್ಟಿ ಎಂಬುದಿರಲಿಲ್ಲ. ನೀರು ಸಾಕಷ್ಟು ಏರಿದಾಗ ಹೊರಡುತ್ತಿತ್ತು. ಸಾಮಾನು ತುಂಬಿದ ಲಾರಿಗಳಿದ್ದರೆ ಅಮಾವಾಸ್ಯೆ ಹುಣ್ಣಿಮೆಯ ದೊಡ್ಡ ಉಬ್ಬರವೇ ಆಗಬೇಕು. ಆಚೆ ದಡದಲ್ಲಿ ಇಳಿದ ಮೇಲೆ ಮತ್ತೆ ಕಲ್ಲುದಾರಿ. ಕೊನೆಗೆ ನಲವತ್ತು ಮನೆ, ಒಂದು ಮಸೀದಿ, ಒಂದು ಅಂಗಡಿ, ರಟ್ಟಿನ ಪೆಟ್ಟಿಗೆ ತಿಂದು ಬದುಕುವ ಆಡುಗಳು. ದ್ವೀಪದ ಆ ತುದಿಯಲ್ಲಿ ದೀಪ ಸಂಜೆ ಆರರಿಂದ ಹತ್ತರವರೆಗೆ ಮಾತ್ರ. ಹಗಲೂ ರಾತ್ರಿ ಓಡುತ್ತಿದ್ದದ್ದು ನಮ್ಮ ಕಂಪನಿಯ ಐಸ್ ಪ್ಲಾಂಟು ಒಂದೇ.

ಊರಿನ ಬದುಕೆಲ್ಲ ಆ ಐಸಿನ ಮೇಲೆ ನಿಂತಿತ್ತು. ಪ್ಲಾಂಟು ಬರುವ ಮೊದಲು ಹಿಡಿದ ಮೀನಿಗೆಲ್ಲ ಉಪ್ಪು ಸವರಿ ಬಿಸಿಲಿಗೆ ಹಾಕುತ್ತಿದ್ದರು. ವ್ಯಾಪಾರಿ ಬಂದಾಗ ಬಂದ, ಕೊಟ್ಟಾಗ ಕೊಟ್ಟ. ಈಗ ದೋಣಿಗೆ ಇಷ್ಟು ಗಡ್ಡೆ ಎಂದು ಬೆಳಿಗ್ಗೆ ಐಸ್ ಹಂಚಿದರೆ, ಸಂಜೆಗೆ ಅಂಜಲ್ ಮೀನು ಅದೇ ಐಸಿನಡಿ ಮಲಗಿ ಫೆರಿ ಹತ್ತಿ ದುಬೈ ದಾರಿ ಹಿಡಿಯುತ್ತಿತ್ತು. ಮದುವೆಯ ಶರಬತ್ತಿಗೂ ಮಕ್ಕಳ ಜ್ವರದ ಹಣೆಗೂ ರಂಜಾನಿನ ಸಂಜೆಯ ನೀರಿಗೂ ಬೇಕಾದದ್ದು ಪೂವಪ್ಪನ ಐಸೇ. ಉಳಿದ ಕಡೆ ಜನ ದೊಡ್ಡವರಿಗೆ ಐಸ್ ಇಡುತ್ತಾರೆ. ಅಲ್ಲಿ ಐಸ್ ಇಡುವವನೇ ದೊಡ್ಡವನು. ‘ಪ’ಕಾರವಿಲ್ಲದ ಅರಬ್ಬಿಯಲ್ಲಿ ಅವನು ‘ಬುವಬ್ಬ’ ಆಗಿದ್ದ. ಹೊಸದಾಗಿ ಹಿಡಿದ ಮೀನಿನಲ್ಲಿ ಒಂದು ಬುವಬ್ಬನ ಬಾಗಿಲಿಗೆ ಬರುತ್ತಿತ್ತು, ಕೇಳದೆಯೇ.

ಪೂವಪ್ಪ ಹೆಜಮಾಡಿಯವನು. ಮಲ್ಪೆಯ ಐಸ್ ಫ್ಯಾಕ್ಟರಿಯಲ್ಲಿ ಕೆಲಸ ಕಲಿತು ೧೯೮೩ರಲ್ಲಿ ಬಂದ. ಆಗ ಮೂವತ್ತೆಂಟು. ಪ್ರತಿ ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ರೇಡಿಯೊದಲ್ಲಿ ನಮ್ಮ ಮ್ಯಾನೇಜರ್ ಪ್ರೇಮನಾಥರ ಜತೆ ಮಾತು. ಅದನ್ನು ಬರೆದುಕೊಳ್ಳುವುದು ನನ್ನ ಕೆಲಸ.

“ಪೂವಪ್ಪ, ಹೇಗುಂಟು? ಓವರ್.”

“ಎಂತ ಹೇಗುಂಟು ಪ್ರೇಮಣ್ಣ? ಗಾಳಿ ಉಂಟು, ಆಡು ಉಂಟು, ಐಸ್ ಉಂಟು. ನನ್ನ ಬದಲಿ ಮಾತ್ರ ಇಲ್ಲ. ಓವರ್.”

“ಕಳಿಸ್ತೇವೆ ಮಾರಾಯ. ಸ್ವಲ್ಪ ತಾಳ್ಮೆ ಬೇಕು. ಓವರ್.”

“ತಾಳ್ಮೆ ಓವರ್ ಆಗಿ ಎರಡು ವರ್ಷ ಆಯ್ತು. ಓವರ್.”

ಅವನ ದಣಿವು ಆ ಗರಗರದ ನಡುವೆಯೂ ಕೇಳಿಸುತ್ತಿತ್ತು. ಆರು ವರ್ಷ ಒಂದು ರಾತ್ರಿಯನ್ನೂ ಇಡಿಯಾಗಿ ಮಲಗಿದವನಲ್ಲ. ಕಂಪ್ರೆಸರಿನ ಸದ್ದು ಕೊಂಚ ಬದಲಾದರೆ ಎದ್ದು ಕೂರುತ್ತಿದ್ದ.

ಅದರ ಮೇಲೆ ಸೊಸೆಯ ಮದುವೆ. ತುಳುನಾಡಿನಲ್ಲಿ ಅಕ್ಕತಂಗಿಯರ ಮಗಳ ಧಾರೆಗೆ ಸೋದರಮಾವನಿಲ್ಲದೆ ಆಗದು. ಹುಡುಗಿಯ ಕೈಹಿಡಿದು ಮಂಟಪಕ್ಕೆ ತರಬೇಕಾದವನು ಅವನೇ. ತಂಗಿ ದಮಯಂತಿಗೆ ಇದ್ದದ್ದು ಒಬ್ಬನೇ ಅಣ್ಣ. ಮಗಳು ಸ್ವರ್ಣಲತಾಳ ಮದುವೆ ತೊಂಬತ್ತರ ಮೇ ತಿಂಗಳಿಗೆ ಗೊತ್ತಾಗಿ ಮುಂದೆ ಹೋಯಿತು. ಡಿಸೆಂಬರಿಗೆ ಗೊತ್ತಾಗಿ ಮತ್ತೆ ಮುಂದೆ ಹೋಯಿತು. ಎರಡೂ ಸಲ ಕಾರಣ ಒಂದೇ, ಬದಲಿ ನಿಲ್ಲಲಿಲ್ಲ.

ಕಂಪನಿಯ ನಿಯಮ ಹೀಗಿತ್ತು. ಬದಲಿಯವನು ಹೋಗಿ ಪೂವಪ್ಪನ ಕೈಕೆಳಗೆ ಹತ್ತು ದಿನ ಕಲಿಯಬೇಕು. ಆಮೇಲೆ ಮೂರು ದಿನ ಒಬ್ಬನೇ ಪ್ಲಾಂಟು ಓಡಿಸಿ ಸರಿಯಾದ ಐಸ್ ತೆಗೆದು ಸಹಿ ಹಾಕಬೇಕು. ಅಷ್ಟಾದರೆ ಪೂವಪ್ಪನಿಗೆ ಬಿಡುಗಡೆ. ಮೊದಲ ಸಲ ಹೋದ ಎಲಿಯಾಸ್ ಒಬ್ಬನೇ ನಿಂತ ಎರಡನೆಯ ದಿನವೇ ಯಂತ್ರ ಕಾದು ನಿಂತಿತು. ಅವನು ಶಿಲುಬೆ ಗುರುತು ಮಾಡಿಕೊಂಡು ಫೆರಿ ಹತ್ತಿದ. ಎರಡನೆಯವನು ಮಮ್ಮದ್, ಅಮೋನಿಯಾದಲ್ಲೇ ಹುಟ್ಟಿ ಬೆಳೆದವನಂತೆ ಮಾತಾಡುತ್ತಿದ್ದವನು, ಮೊದಲ ದಿನವೇ ಸೋತ. “ಆ ಮೆಷಿನಿಗೆ ಪೂವಪ್ಪಣ್ಣನದ್ದೇ ಕೈ ಬೇಕು, ಬೇರೆಯವರಿಗೆ ಅದು ಆಗುದಿಲ್ಲ” ಎಂದು ಅಜೈಬಾಕ್ಕೆ ಬಂದು ವರದಿ ಕೊಟ್ಟ. ಪ್ರೇಮನಾಥರು ನಂಬಿದರು. ನಾನೂ ನಂಬಿದೆ. ಬದಲಿ ಎಂದರೆ ಬಲಿ ಎಂದು ಆಫೀಸಿನಲ್ಲಿ ಮಾತಾಯಿತು.

ದಮಯಂತಿಯ ಕಾಗದ ತೊಂಬತ್ತೊಂದರ ಏಪ್ರಿಲಿನಲ್ಲಿ ನಮ್ಮ ಮೂಲಕವೇ ಹೋಯಿತು. ರೇಡಿಯೊದಲ್ಲಿ ಓದಿ ಹೇಳಿ ಎಂದು ಪೂವಪ್ಪನೇ ಕೇಳಿಕೊಂಡದ್ದರಿಂದ ನನಗೆ ಬಾಯಿಪಾಠ. “ಅಣ್ಣಾ, ಮೇ ಒಂಬತ್ತಕ್ಕೆ ದಿನ ಇಟ್ಟಿದ್ದೇವೆ. ಗಂಡಿನ ಕಡೆಯವರು ಇದು ಕೊನೆ ಅಂದಿದ್ದಾರೆ. ನೀನು ಬಾರದಿದ್ದರೆ ನಾನು ಧಾರೆ ಎರೆಯುವುದಿಲ್ಲ. ಆಮೇಲೆ ಹುಡುಗಿ ಮನೆಯಲ್ಲೇ ಇರಲಿ, ನೀನು ಐಸಿನಲ್ಲೇ ಇರು.”

ಪೂವಪ್ಪ ಅದನ್ನು ಇನ್ನೊಮ್ಮೆ ಓದಿಸಿದ. ಆಮೇಲೆ, “ಯಾರನ್ನಾದ್ರೂ ಕಳಿಸಿ ಮೇಡಂ. ಓವರ್.”

ಈ ಸಲ ಸಿಕ್ಕವನು ದೊರೆಸ್ವಾಮಿ. ಮೈಸೂರಿನವನು, ಡಿಪ್ಲೊಮಾ ಮಾಡಿದವನು, ಜೇಬಿನಲ್ಲಿ ಮೂರು ಬಣ್ಣದ ಪೆನ್ನು. ಏನು ಹೇಳಿದರೂ ಬರೆದುಕೊಳ್ಳುತ್ತಿದ್ದ. ಮುಂದೆ ನಡೆದದ್ದನ್ನು ಇಬ್ಬರೂ ಬೇರೆಬೇರೆಯಾಗಿ ನನಗೆ ಹೇಳಿದ್ದಾರೆ, ಎರಡೂ ಹೆಚ್ಚುಕಡಿಮೆ ಹೊಂದುತ್ತವೆ.

ಹತ್ತು ದಿನ ಪೂವಪ್ಪ ಎಲ್ಲ ಕಲಿಸಿದ. ಉಪ್ಪುನೀರಿನ ಹದ, ಎಣ್ಣೆ ಇಳಿಸುವುದು, ಗಡ್ಡೆ ಬಿಡಿಸುವುದು. ಮಧ್ಯಾಹ್ನ ಮಾತ್ರ, “ನೀವು ಊಟ ಮಾಡಿ ಬನ್ನಿ, ಸ್ವಲ್ಪ ಮಲಗಿ, ನಾನಿದ್ದೇನಲ್ಲ” ಎನ್ನುತ್ತಿದ್ದ. ದೊರೆಸ್ವಾಮಿ ಅದನ್ನೂ ಹಸಿರು ಪೆನ್ನಿನಲ್ಲಿ ಬರೆದುಕೊಂಡ: ‘ಪೂವಪ್ಪನವರು ಬಹಳ ಒಳ್ಳೆಯವರು.’

ಒಬ್ಬನೇ ನಿಂತ ಮೊದಲ ದಿನ ಮಧ್ಯಾಹ್ನ ಒಂದೂವರೆಗೆ ಒತ್ತಡದ ಮುಳ್ಳು ಏರತೊಡಗಿತು. ಯಂತ್ರ ಧಡಾರನೆ ನಿಂತಿತು. ಮತ್ತೆ ಎಬ್ಬಿಸುವಾಗ ಕತ್ತಲಾಗಿತ್ತು. ಎರಡನೆಯ ದಿನವೂ ಹಾಗೇ. ಐಸ್ ಗಡ್ಡೆಗಳ ಹೊಟ್ಟೆಯಲ್ಲಿ ನೀರು. ಅಂಜಲ್ ತುಂಬಿದ ದೋಣಿ ತಂದಿದ್ದ ಅಬ್ಬಾಸ್ ಒಂದು ಗಡ್ಡೆಯನ್ನು ನೆಲಕ್ಕೆ ಒಗೆದು ಒಡೆದು, ನೀರು ಹರಿಯುವುದನ್ನು ತೋರಿಸಿ ಏನೇನೋ ಬೈದ. ದೊರೆಸ್ವಾಮಿಗೆ ಅರ್ಥವಾದದ್ದು ‘ಹಿಂದಿ’, ಅಂದರೆ ಇಂಡಿಯಾದವನು, ಎಂಬ ಒಂದೇ ಪದ.

“ನಾನು ನಾಳೆ ಫೆರಿಗೆ ಹೊರಟ್‌ಬಿಡ್ತೀನಿ ಸಾರ್” ಎಂದು ಅವನು ಬಟ್ಟೆ ಮಡಿಸತೊಡಗಿದ. “ಪುಸ್ತಕದಲ್ಲಿರೋದೆಲ್ಲ ಮಾಡಿದೆ. ಇದು ಮೆಷಿನ್ನಲ್ಲ, ಯಾವುದೋ ದೆವ್ವ.”

“ಹೋಗುದಾದ್ರೆ ಹೋಗಿ. ನಾನು ಎಂತ ಹೇಳ್ಲಿ?” ಎಂದ ಪೂವಪ್ಪ ಬಾಗಿಲಲ್ಲಿ ಕುಳಿತು.

“ಏನಾದ್ರೂ ಹೇಳ್ಬೇಕು ಕಣ್ರೀ! ನಿಮ್ ಕೈಲಿ ಓಡೋದು ನನ್ ಕೈಲಿ ಯಾಕ್ ಓಡಲ್ಲ?”

ಹೇಳಿದವಳು ಫಾತಿಮಾ, ಅಬ್ಬಾಸನ ಹೆಂಡತಿ. ನೀರು ಇಳಿದಾಗ ಬಂಡೆಗಳ ಮೇಲೆ ಹೋಗಿ ಮರುವಾಯಿ ಚಿಪ್ಪು, ಶಂಖು ಆರಿಸಿ, ಶಂಖಿನ ಬಾಯಿಯ ಮುಚ್ಚಳ ಒಣಗಿಸಿ ಧೂಪ ಮಾಡುವವರಿಗೆ ಮಾರುವವಳು. ಗಂಡನ ಕೂಗಾಟ ಕೇಳಿ ಬಂದಿದ್ದಳು. ಸೊಂಟದ ಮೇಲೆ ಬುಟ್ಟಿ ಇತ್ತು.

“ಬುವಬ್ಬ, ನೀನು ಹೇಳುತ್ತೀಯೋ, ನಾನು ಹೇಳಲೋ?” ಎಂದಳು ಅರಬ್ಬಿಯಲ್ಲಿ. “ಏಳು ವರ್ಷದಿಂದ ನಾನು ಬುಟ್ಟಿ ಹಿಡಿದು ಹೊರಟರೆ ನೀನು ಯಂತ್ರ ನಿಲ್ಲಿಸುತ್ತಿ. ನಾನು ಬಂದರೆ ಎಬ್ಬಿಸುತ್ತಿ. ನಾನು ಕುರುಡಿಯೇ? ಊರಿಗೆಲ್ಲ ಗೊತ್ತು. ನಿನ್ನ ಕಂಪನಿಯೊಂದಕ್ಕೇ ಗೊತ್ತಿಲ್ಲ.”

“ನೀನು ಸುಮ್ಮನಿರು ಫಾತಿಮಾ.”

“ತಂಗಿಯ ಮಗಳ ಮದುವೆ ಎಂದು ಊರಿಗೆಲ್ಲ ಹೇಳಿಕೊಂಡು ಅಳುತ್ತಿ. ಬೀಗ ಹಾಕಿದವನೂ ನೀನೇ, ಒಳಗೆ ಕೂತವನೂ ನೀನೇ. ಖಲಾಸ್, ಹೇಳಿಬಿಡು. ನನ್ನ ಗಂಡನ ಮೀನು ಕೊಳೆಯುತ್ತಿದೆ.”

ಸಂಗತಿ ಇಷ್ಟೇ. ಐಸ್ ಕಟ್ಟಿಸುವ ಅಮೋನಿಯಾ ಅನಿಲವನ್ನು ತಣಿಸಲು ಪ್ಲಾಂಟಿಗೆ ಸಮುದ್ರದ ನೀರು ಬೇಕು. ಅದನ್ನು ಎಳೆಯುವ ಪೈಪು ಕಡಲಿಗೆ ಇಳಿದಿತ್ತು. ಅಮಾವಾಸ್ಯೆ ಹುಣ್ಣಿಮೆಯ ಆಸುಪಾಸಿನ ನಾಲ್ಕೈದು ದಿನ ನೀರು ತೀರ ಕೆಳಗಿಳಿದು ಪೈಪಿನ ಬಾಯಿ ತೆರೆದುಬಿಡುತ್ತಿತ್ತು. ಪಂಪು ನೀರಿನ ಬದಲು ಗಾಳಿ ಎಳೆದು, ಯಂತ್ರ ಕಾದು ನಿಲ್ಲುತ್ತಿತ್ತು. ಇಳಿತದ ಎರಡು ಮೂರು ತಾಸು ತಾನಾಗಿ ನಿಲ್ಲಿಸಿಬಿಟ್ಟರೆ ಏನೂ ಆಗದು, ಉಪ್ಪುನೀರಿನ ತೊಟ್ಟಿಯ ತಂಪು ಅಷ್ಟು ಹೊತ್ತು ಹಿಡಿಯುತ್ತದೆ. ಆ ಹೊತ್ತು ದಿನದಿನಕ್ಕೂ ಮುಂದೆ ಸರಿಯುತ್ತದೆ, ಗಡಿಯಾರದಲ್ಲಿ ಸಿಗುವುದಿಲ್ಲ. ಫಾತಿಮಾ ಹೊರಟಳೆಂದರೆ ನೀರು ಇಳಿಯಿತು. ಬದಲಿಯವರೋ ದೊಡ್ಡ ಉಬ್ಬರದ ಫೆರಿಗೆ ಬರುವವರು. ಹತ್ತು ದಿನ ಕಲಿತು ಒಬ್ಬರೇ ನಿಲ್ಲುವ ಹೊತ್ತಿಗೆ ಮುಂದಿನ ಅಮಾವಾಸ್ಯೆಯೋ ಹುಣ್ಣಿಮೆಯೋ ಸರಿಯಾಗಿ ಬಂದು ನಿಂತಿರುತ್ತಿತ್ತು.

ಪೂವಪ್ಪ ದೊರೆಸ್ವಾಮಿಯ ಮುಖ ನೋಡದೆ ಎಲ್ಲವನ್ನೂ ಹೇಳಿದ. ದೊರೆಸ್ವಾಮಿ ಬರೆದುಕೊಳ್ಳಲು ಪೆನ್ನು ತೆಗೆದವನು ಹಾಗೇ ಹಿಡಿದುಕೊಂಡಿದ್ದ.

“ಮತ್ತೆ ಮೊದ್ಲೇ ಯಾಕ್ ಸಾರ್ ಹೇಳಲಿಲ್ಲ?”

“ಎಂಬತ್ತನಾಲ್ಕರಲ್ಲಿ ನನ್ನನ್ನು ತೆಗೆದು ಕಡಿಮೆ ಸಂಬಳದವನನ್ನು ಹಾಕ್ತಾರೆ ಅಂತ ಸುದ್ದಿ ಬಂತು. ಆಗ ಬಾಯಿ ಮುಚ್ಚಿದ್ದು. ಮತ್ತೆ ತೆರೆಯುದಕ್ಕೆ ಆಗ್ಲಿಲ್ಲ ಮಾರಾಯ್ರೆ.” ಬಾಗಿಲಿಗೆ ಒರಗಿ, “ಸುಸ್ತಾಯ್ತು” ಎಂದ.

ಮರುದಿನದಿಂದ ಮೂರು ದಿನ ಯಂತ್ರ ಒಮ್ಮೆಯೂ ಎಡವಲಿಲ್ಲ. ಸಹಿ ಬಿತ್ತು. ಮೇ ಐದಕ್ಕೆ ಪೂವಪ್ಪ ಅಜೈಬಾದಲ್ಲಿ ನನ್ನ ಮೇಜಿನ ಮುಂದೆ ಪಾಸ್‌ಪೋರ್ಟಿಗೆ ಕಾದು ಕುಳಿತಿದ್ದ. ರೇಡಿಯೊದ ದನಿಗಿಂತ ಆಳು ಸಣ್ಣ. ಉಗುರಿನ ಸುತ್ತ ಚರ್ಮವೆಲ್ಲ ಉಪ್ಪುನೀರಿಗೆ ಬಿರಿದಿತ್ತು. ಕಥೆಯನ್ನೆಲ್ಲ ಹೇಳಿ, “ಪ್ರೇಮಣ್ಣನಿಗೆ ಹೇಳುದಾದ್ರೆ ಹೇಳಿ ಮೇಡಂ, ಬೇಡ ಅನ್ನುದಿಲ್ಲ” ಎಂದ. ಮಾತು ಮುಗಿಯುವ ಮೊದಲೇ ಕುರ್ಚಿಯಲ್ಲಿ ನಿದ್ದೆ ಹೋದ. ನಾನು ಹೇಳಲಿಲ್ಲ. ಹೇಳಬೇಕಾದ ಅಗತ್ಯವೂ ಬೀಳಲಿಲ್ಲ, ದೊರೆಸ್ವಾಮಿಯ ಲಾಗ್ ಪುಸ್ತಕ ತಿಂಗಳ ಕೊನೆಗೆ ಬಂತು.

‘೧೨:೪೦ ಫಾತಿಮಾ ಔಟ್. ೩:೧೦ ಫಾತಿಮಾ ಇನ್.’ ಪುಟಗಟ್ಟಲೆ, ಕೆಂಪು ಹಸಿರಿನಲ್ಲಿ.

“ದೊರೆಸ್ವಾಮಿ, ಈ ಫಾತಿಮಾ ಯಾವ ವಾಲ್ವು? ಡ್ರಾಯಿಂಗಿನಲ್ಲಿ ಇಲ್ಲವಲ್ಲ? ಓವರ್” ಎಂದರು ಪ್ರೇಮನಾಥರು.

“ವಾಲ್ವಲ್ಲ ಸಾರ್, ಹೆಂಗಸು. ಓವರ್.”

“ಕಂಪನಿ ಖರ್ಚಿನಲ್ಲೋ? ಓವರ್.”

ದೊರೆಸ್ವಾಮಿ ಬರೆದುಕೊಂಡದ್ದನ್ನೆಲ್ಲ ಓದಿಹೇಳಿದ. ಪ್ರೇಮನಾಥರು ಯಾರ ಮೇಲೂ ಕೂಗಲಿಲ್ಲ. ನಲವತ್ತು ಅಡಿ ಪೈಪು ತರಿಸಿ ಇದ್ದದ್ದಕ್ಕೆ ಜೋಡಿಸಿ ಆಳದ ನೀರಿಗೆ ಇಳಿಸಲು ಹೇಳಿದರು. ಏಳು ವರ್ಷದ ಗುಟ್ಟಿಗೆ ಒಂದು ಲಾರಿಯ ಅರ್ಧ ಜಾಗ ಸಾಕಾಯಿತು. ಪೈಪು ಬಂದ ಮೇಲೆ ಆ ಪ್ಲಾಂಟಿಗೆ ಪೂವಪ್ಪನೇ ಬೇಕೆಂದು ಇರಲಿಲ್ಲ. ಅವನ ವೀಸಾ ಮುಂದುವರಿಸುವುದಿಲ್ಲ ಎಂಬ ಕಾಗದವನ್ನು ನಾನೇ ಟೈಪು ಮಾಡಿದೆ. ಆ ದಿನ ಎರಡು ಹಾಳೆ ಹಾಳಾದವು.

ಹೆಜಮಾಡಿಯಿಂದ ಉತ್ತರ ಬಂದದ್ದು ಜುಲೈಯಲ್ಲಿ. ಧಾರೆ ಚೆನ್ನಾಗಿ ಆಯಿತು. ಹುಡುಗಿಯ ಕೈಹಿಡಿದು ಮಂಟಪಕ್ಕೆ ತಂದೆ, ದಮಯಂತಿ ಅತ್ತಳು, ಅವಳನ್ನು ಸಮಾಧಾನ ಮಾಡುವಾಗ ನಾನೂ ಅತ್ತೆ. ಆಮೇಲೆ ಎರಡು ದಿನ ಮಲಗಿದ್ದೆ. ಕಂಪನಿಯ ಕಾಗದ ತಲುಪಿದೆ, ಬೇಸರ ಉಂಟು, ಸಿಟ್ಟು ಇಲ್ಲ. ಮಲ್ಪೆಯಲ್ಲಿ ವಿಚಾರಿಸುತ್ತಿದ್ದೇನೆ. ಕೊನೆಗೆ ಒಂದು ಸಾಲು ಬಿಟ್ಟು ಹೀಗೆ ಬರೆದಿದ್ದ:

“ನಲವತ್ತು ಅಡಿ ಹಾಕಿದ್ದಾರೆಂದು ದೊರೆಸ್ವಾಮಿ ತಿಳಿಸಿದ್ದಾನೆ. ಸಾಲದು. ದೊಡ್ಡ ಇಳಿತಕ್ಕೆ ಮತ್ತೆ ಗಾಳಿ ಎಳೆಯುತ್ತದೆ. ಐವತ್ತೆರಡು ಬೇಕು. ಎಂಬತ್ತನಾಲ್ಕರಲ್ಲೇ ಹಗ್ಗ ಹಿಡಿದು ಅಳೆದು ನೋಡಿದ್ದೇನೆ.”

ಪ್ರೇಮನಾಥರು ಅದನ್ನು ಎರಡು ಸಲ ಓದಿದರು. ಇನ್ನೂ ಹನ್ನೆರಡು ಅಡಿಗೆ ಆರ್ಡರ್ ಬರೆಯಲು ಹೇಳಿದರು.