ಮನೆಗೆ ಬರುವ ದೋಣಿ

ನನ್ನ ಅತ್ತಿಗೆ, ಅಂದರೆ ನನ್ನ ಗಂಡನ ಅಕ್ಕ, ಮನಸಾರೆ ನಕ್ಕಿದ್ದನ್ನು ನಾನು ಕಂಡದ್ದು ಒಂದೇ ಸಲ, ಅವರ ದೋಣಿಯನ್ನು ನೀರಿಗಿಳಿಸಿದ ದಿನ. ಈಗ ದಿನವೂ ಊಟದ ಹೊತ್ತಿಗೆ ನಗುತ್ತಾರೆ. ಅದು ಬೇರೆ ನಗು.

ನನ್ನ ಮಾವ ದೋಣಿ ಕಟ್ಟುವವರು. ಮನೆಯ ಮುಂದೆ ಅವರ ಶೆಡ್ಡು, ಶೆಡ್ಡಿನ ಮುಂದೆ ನೀರು, ನೀರಿನಾಚೆ ಇನ್ನೊಂದು ದಡ. ದೋಣಿ ಬೇಕೆಂದು ಯಾರೇ ಬರಲಿ, ಎಷ್ಟು ಉದ್ದ, ಯಾವ ಮರ ಎಂದು ಮಾವ ಕೇಳುವುದಿಲ್ಲ. ‘ಏನಕ್ಕೆ?’ ಎಂದಷ್ಟೇ ಕೇಳುತ್ತಾರೆ. ಮರಳು ತುಂಬೋಕೆ ಅಂದರೆ ಅಗಲವಾದ ಚಪ್ಪಟೆ ತಳ. ಬಲೆ ತೊಗೊಂಡು ಅಲೆಯೊಳಗೆ ಹೋಗೋಕೆ ಅಂದರೆ ಆಳವಾದ ಹೊಟ್ಟೆ, ತಳದ ಉದ್ದಕ್ಕೂ ಒಂದು ನಿಲುವು ಪಟ್ಟಿ. ದೋಣಿ ಅಡ್ಡಾದಿಡ್ಡಿ ತಿರುಗದೆ ನೆಟ್ಟಗೆ ಹೋಗುವುದು ಆ ಪಟ್ಟಿಯಿಂದ. ಒಮ್ಮೆ ಒಬ್ಬ ಹೋಟೆಲಿನ ಯಜಮಾನ ಬಂದು, ಹುಲ್ಲಿನ ಮೇಲೆ ಇಟ್ಟರೆ ಬಂದವರೆಲ್ಲ ನೋಡಬೇಕು ಎಂದ. ‘ಹಾಗಾದ್ರೆ ತಳ ತೆಳು ಇರ್ಲಿ, ಬಣ್ಣ ದಪ್ಪ ಇರ್ಲಿ’ ಎಂದರು ಮಾವ. ಆತ ಖುಷಿಯಾಗಿ ಹೋದ.

ಇನ್ನೊಂದು ಪದ್ಧತಿಯೂ ಅವರಿಗಿದೆ. ಗಿರಾಕಿ ಕೊನೆಗೆ ಹೇಳಿದ ಮಾತನ್ನು ತಾವೂ ಒಮ್ಮೆ ಹೇಳುತ್ತಾರೆ. ಅದೇ ಅವರಿಗೆ ಅಳತೆ. ಅದರಂತೆ ಮೊದಲು ಮೊಳದುದ್ದದ ಪುಟ್ಟ ದೋಣಿಯೊಂದನ್ನು ಕೆತ್ತಿ, ಅಂಗಳದ ಸಿಮೆಂಟ್ ತೊಟ್ಟಿಯಲ್ಲಿ ಬಿಟ್ಟು, ಪಕ್ಕದಲ್ಲಿ ಟೇಬಲ್ ಫ್ಯಾನ್ ಹಾಕಿ ನೋಡುತ್ತಾರೆ. ಬೇಕಾದ ಹಾಗೆ ತೇಲಿದರೆ ಮಾತ್ರ ದೊಡ್ಡ ಮರಕ್ಕೆ ಕೈ.

ಅತ್ತಿಗೆ ಮದುವೆಯಾಗಿ ಆಚೆ ದಡಕ್ಕೆ ಹೋದವರು. ಗಂಡ ಇನ್ನೊಬ್ಬಳನ್ನು ಮನೆಗೆ ತಂದ ಮೇಲೆ ಒಂದು ಟ್ರಂಕು ಹಿಡಿದು ವಾಪಸ್ಸು ಬಂದರು. ನನ್ನ ಅತ್ತೆ ತೀರಿಕೊಂಡು ಸ್ವಲ್ಪ ದಿನವಾಗಿತ್ತಷ್ಟೇ. ಮಗಳನ್ನು ಬಾಗಿಲಲ್ಲಿ ನೋಡಿದ ಮಾವ, ‘ಬಂದ್ಯಾ? ಒಳ್ಳೇದಾಯ್ತು. ಬಿಸಿನೀರು ಇಡು’ ಎಂದರಂತೆ. ಅವತ್ತು ಒಲೆಯ ಮುಂದೆ ನಿಂತವರು ನಾನು ಸೊಸೆಯಾಗಿ ಬಂದಾಗಲೂ ಅಲ್ಲೇ ಇದ್ದರು. ‘ನೀನು ಮಗು ನೋಡ್ಕೋ, ಇದು ನನಗೆ ಅಭ್ಯಾಸ’ ಎಂದು ಪಾತ್ರೆಗೂ ನನ್ನನ್ನು ಬಿಡುತ್ತಿರಲಿಲ್ಲ. ನನ್ನ ಬಾಣಂತನದಲ್ಲಿ ಇಡೀ ಮನೆಯನ್ನು ಹೊತ್ತವರು ಅವರೇ. ತೋಳು ನೋಡಬೇಕು, ಗಂಡಸರಿಗೂ ಇಲ್ಲ ಅಂಥ ತೋಳು.

ಒಂದು ದಿನ ಊಟಕ್ಕೆ ಬಡಿಸುತ್ತಲೇ ಕೇಳಿದರು: ‘ಅಪ್ಪ, ನಂಗೊಂದು ದೋಣಿ ಕಟ್ಕೊಡಿ.’

‘ಏನಕ್ಕೆ?’

‘ಜನರನ್ನ ದಾಟಿಸ್ತೀನಿ. ನನ್ನ ಖರ್ಚು ನಾನೇ ನೋಡ್ಕೋತೀನಿ. ಬೆಳಿಗ್ಗೆ ಅಡುಗೆ ಮುಗಿಸಿಯೇ ಹೋಗೋದು.’

‘ಹೋಗಿ?’

‘ಹೋಗಿ ಇನ್ನೇನು, ತಿರುಗಿ ಮನೆಗೇ ಬರೋದು. ನಂಗೆ ಬೇರೆ ಎಲ್ಲಿದೆ ಜಾಗ?’

ಮಾವ ತುತ್ತು ನುಂಗಿ, ‘ಸರಿ. ಮನೆಗೆ ಬರಬೇಕು’ ಎಂದರು.

ದೋಣಿ ಎಷ್ಟು ಚೆಂದ ಬಂತೆಂದರೆ ದಾರಿಯಲ್ಲಿ ಹೋಗುವವರು ನಿಂತು ನೋಡಿದರು. ನೀಲಿ ಬಣ್ಣ, ಅಗಲ ತಳ, ಹಂಸದ ಕತ್ತಿನಂತೆ ಎತ್ತರಕ್ಕೆ ಬಾಗಿದ ಮುಂಭಾಗ. ಮುಟ್ಟಿದರೆ ಜಾರುವಷ್ಟು ಹಗುರ. ‘ತೆಳು ಹಲಗೆ ಹಾಕಿದೀನಿ. ಮಹಾರಾಣಿಯ ತೋಳು ನೋಯಬಾರ್ದಲ್ಲ’ ಎಂದರು ಮಾವ. ನಾನು ಹೇಳಿದ, ಅತ್ತಿಗೆಯ ಮನಸಾರೆ ನಗು ಆಗಿನದು. ಅಪ್ಪ ತನಗಾಗಿ ಒಂದು ವಸ್ತು ಮಾಡಿದರೆಂದು ರಾತ್ರಿ ಬಟ್ಟೆ ಮಡಿಸುವಾಗ ಎರಡೆರಡು ಸಲ ಹೇಳಿದರು.

ಬೆಳಗಿನ ಹೊತ್ತು ನೀರು ಕನ್ನಡಿಯಂತಿರುತ್ತದೆ. ಆಗ ಎಲ್ಲವೂ ಸಲೀಸು. ಮಧ್ಯಾಹ್ನವಾದರೆ ಆಚೆ ದಡದಿಂದ ನಮ್ಮ ಕಡೆಗೆ ಗಾಳಿ ಏಳುತ್ತದೆ. ನೀರಿನ ನಡುವೆ ಒಂದು ಹಳೆಯ ಕಂಬವಿದೆ. ಅಲ್ಲಿಗೆ ಹೋಗುವಷ್ಟರಲ್ಲಿ ದೋಣಿಯ ಎತ್ತರದ ಮೂತಿಗೆ ಗಾಳಿ ಹೊಡೆದು, ದೋಣಿ ಗಿರ್ರನೆ ತಿರುಗಿ ಮನೆಯ ಕಡೆ ಮುಖ ಮಾಡುತ್ತಿತ್ತು. ಅತ್ತಿಗೆ ಹುಟ್ಟು ಹಾಕಿ ಹಾಕಿ ಮತ್ತೆ ತಿರುಗಿಸುವರು, ಅದು ಮತ್ತೆ ಇತ್ತ ತಿರುಗುವುದು. ಬೆಳಿಗ್ಗೆ ಇವರ ದೋಣಿಯಲ್ಲಿ ಹೋದವರು ಸಂಜೆ ಬೇರೆಯವರ ದೋಣಿ ಹತ್ತಿ ಬರಬೇಕಾಯಿತು. ಊರು ಸುಮ್ಮನಿರುತ್ತದೆಯೇ? ‘ಬುಗುರಿ’ ಎಂದು ಹೆಸರಿಟ್ಟಿತು. ಮೊದಲು ದೋಣಿಗೆ, ಆಮೇಲೆ ಅತ್ತಿಗೆಗೆ.

‘ಏ ಬುಗುರಿ, ಇವತ್ತು ಎಷ್ಟು ಸುತ್ತು?’

‘ತಲೆ ಸುತ್ತಿದ್ರೆ ನಿಂಬೆಹಣ್ಣು ಇಟ್ಕೊಳ್ಳೇ!’

ಅತ್ತಿಗೆ ಅಂಗೈಯ ಬೊಬ್ಬೆಗೆ ಎಣ್ಣೆ ಹಚ್ಚುತ್ತಾ, ‘ದೋಣಿ ಚೆನ್ನಾಗಿದೆ ಕಣೇ, ನನ್ನ ಕೈಯೇ ಸರಿಯಿಲ್ಲ’ ಎನ್ನುತ್ತಿದ್ದರು. ಮಾವ ಬೆಂಚಿನಲ್ಲಿ ಕೂತು ಉಣ್ಣುತ್ತಾ, ‘ಸೌಟು ಹಿಡಿದ ಕೈ ಅದು. ಸಾರಿನಲ್ಲಿ ತಿರುಗಿಸಿದ ಹಾಗೇ ನೀರಲ್ಲೂ ತಿರುಗಿಸ್ತಾಳೆ’ ಎಂದರೆ ನನ್ನ ಗಂಡನೂ ನಕ್ಕುಬಿಡುತ್ತಿದ್ದರು.

ಆಚೆ ದಡದಲ್ಲಿ ಬಟ್ಟೆ ಹೊಲಿಯುವ ಕಾರ್ಖಾನೆ ಶುರುವಾಯಿತು. ಕೆಲಸಕ್ಕೆ ನಮ್ಮ ಕಡೆಯ ಹೆಂಗಸರೇ ಹೆಚ್ಚು. ಅವರನ್ನು ಕರೆದೊಯ್ಯಲು ಖಾಯಂ ಒಂದು ದೋಣಿ ಬೇಕು, ಹೆಂಗಸಿನದೇ ಆದರೆ ಒಳ್ಳೆಯದು ಎಂದು ಮೇಲ್ವಿಚಾರಕಿ ನಮ್ಮ ಬಾಗಿಲಿಗೇ ಬಂದಳು. ‘ಬರೋ ಸೋಮವಾರ ಮಧ್ಯಾಹ್ನದ ಪಾಳಿಯವರನ್ನ ದಾಟಿಸಿ ತೋರಿಸಿ. ಆದ್ರೆ ಕೆಲಸ ನಿಮ್ದು. ಅಲ್ಲೇ ಒಂದು ರೂಮೂ ಕೊಡ್ತೀವಿ.’

ರೂಮು ಎಂಬ ಮಾತು ಕೇಳಿ ಅತ್ತಿಗೆ ಸೆರಗಿನಿಂದ ಮುಖ ಒರೆಸಿಕೊಂಡರು. ಬೀಗ ಹಾಕಿಕೊಳ್ಳುವ ಒಂದು ಬಾಗಿಲು ಅವರಿಗೆ ಯಾವ ಮನೆಯಲ್ಲೂ ಇರಲಿಲ್ಲ.

ಅದರ ಮರುದಿನ ಸೆಕೆ. ಮಗಳನ್ನು ತೊಟ್ಟಿಯಲ್ಲಿ ಕೂರಿಸಿ, ಶೆಡ್ಡಿನ ಅಟ್ಟದಲ್ಲಿದ್ದ ಪುಟ್ಟ ದೋಣಿಗಳನ್ನು ಆಡಲು ಕೊಟ್ಟೆ. ಎದುರಿಗೆ ಫ್ಯಾನ್ ತಿರುಗುತ್ತಿತ್ತು. ಅವಳು ಒಂದೊಂದನ್ನೇ ಬೆರಳಿನಿಂದ ತಳ್ಳುವಳು, ಅವು ಗಾಳಿಯನ್ನು ಸೀಳಿಕೊಂಡು ಆಚೆ ಅಂಚಿಗೆ ಹೋಗಿ ತಾಗುವವು. ಅತ್ತಿಗೆಯ ದೋಣಿಗೆಂದು ಮೊದಲು ಕೆತ್ತಿದ್ದ ನೀಲಿ ದೋಣಿ ಮಾತ್ರ ಅರ್ಧಕ್ಕೆ ಹೋಗಿ, ಮೂತಿ ತಿರುಗಿಸಿ, ಅವಳ ಹೊಟ್ಟೆಗೇ ಬಂದು ಮುಟ್ಟುವುದು. ಮಗಳು ಕೇಕೆ ಹಾಕಿ, ‘ಬಂತು! ಬಂತು!’ ಎಂದಳು. ನಾನು ತಳ್ಳಿದೆ. ಬಂತು. ಅಡ್ಡ ಇಟ್ಟು ತಳ್ಳಿದೆ. ಬಂತು. ಎತ್ತಿ ಮಗುಚಿ ನೋಡಿದರೆ ತಳದಲ್ಲಿ ಪಟ್ಟಿಯೇ ಇಲ್ಲ.

ಮಗಳನ್ನು ಟವೆಲಿನಲ್ಲಿ ಸುತ್ತಿ ಎತ್ತಿಕೊಂಡು ಅತ್ತಿಗೆಯನ್ನು ಕರೆದೆ. ಅವರು ಒದ್ದೆ ಕೈಯಲ್ಲೇ ಬಂದು ನೀಲಿ ದೋಣಿಯನ್ನು ತಳ್ಳಿದರು. ಅದು ಬಂದು ಅವರ ಬಳೆಗೆ ತಾಗಿತು. ಫ್ಯಾನ್ ಆರಿಸಿ, ಅದನ್ನು ಹಿಡಿದು ಊಟದ ಬೆಂಚಿನ ಹತ್ತಿರ ಹೋದರು.

‘ಅಪ್ಪ, ಇದು ಹೀಗೇ ತಿರುಗುತ್ತೆ ಅಂತ ಗೊತ್ತಿತ್ತಾ?’

‘ಗೊತ್ತಿಲ್ದೆ ಕಟ್ತೀನಾ? ನಾನೇನು ಕಲಿಯೋ ಹುಡುಗನಾ?’ ಮಾವ ತಲೆ ಎತ್ತಲಿಲ್ಲ. ‘ಏನಕ್ಕೆ ಅಂತ ಕೇಳ್ದೆ. ಮನೆಗೆ ಬರೋಕೆ ಅಂತ ನಿನ್ನ ಬಾಯಲ್ಲೇ ಅಂದೆ. ಬರ್ತಿದೆ. ಇಲ್ಲೀವರೆಗೂ ಒಂದು ದಿನ ತಪ್ಪಿಸಿದ್ಯಾ ಹೇಳು?’

‘ಊರೆಲ್ಲ ನಕ್ಕಿತು ಅಪ್ಪ.’

‘ಒಂದ್ಸಲ ಹೋಗಿ ಟ್ರಂಕು ಹೊತ್ಕೊಂಡು ಬಂದಾಗಲೂ ನಕ್ಕಿತ್ತು. ಸಾರು ಹಾಕು.’

ನನ್ನ ಗಂಡ, ‘ಊಟ ಮಾಡೋವಾಗ ಯಾಕೆ ಇದೆಲ್ಲ’ ಎಂದು ತಟ್ಟೆಗೆ ಬಾಗಿದರು. ಅತ್ತಿಗೆ ಸಾರು ಹಾಕಿದರು. ‘ಹಾಗಾದ್ರೆ ಪಟ್ಟಿ ನಾನೇ ಹಾಕ್ಕೋತೀನಿ’ ಎಂದರು.

‘ಹಾಕ್ಕೋ. ನನ್ನ ಉಳಿ ಮುಟ್ಟಬೇಡ, ನನ್ನ ಮರ ಮುಟ್ಟಬೇಡ.’

ಮರುದಿನ ಮಾವ ಊಟಕ್ಕೆ ಬಂದರೆ ಬೆಂಚಿಗೆ ಕಾಲುಗಳಷ್ಟೇ ಉಳಿದಿದ್ದವು. ಮೇಲಿನ ಹಲಗೆ, ಕಬ್ಬಿಣದಂಥ ಹಳೆಯ ಮರ, ದೋಣಿಯ ತಳದಲ್ಲಿ ಪಟ್ಟಿಯಾಗಿ ನಿಂತಿತ್ತು. ಪಕ್ಕದ ಮನೆಯ ಗರಗಸ ತಂದು ಅತ್ತಿಗೆಯೇ ಕೊಯ್ದು ಸ್ಕ್ರೂ ಹಾಕಿದ್ದರು. ಮಾವ ಕೂಗಾಡುತ್ತಾರೆಂದು ನಾನು ಮಗಳನ್ನು ಎತ್ತಿಕೊಂಡು ಒಳಗೆ ಸರಿದೆ. ಅವರು ಕೂಗಾಡಲಿಲ್ಲ. ದೋಣಿಯ ಹತ್ತಿರ ಹೋಗಿ ಪಟ್ಟಿಯ ಮೇಲೆ ಕೈಯಾಡಿಸಿ, ‘ಭೇಷ್, ನೆಟ್ಟಗೆ ಕೂರಿಸಿದೀಯ’ ಎಂದರು. ಅಷ್ಟೇ ಹೇಳಿದ್ದು. ನೆಲದಲ್ಲಿ ಕೂತು ಹೊಟ್ಟೆ ತುಂಬ ಉಂಡರು.

ಸೋಮವಾರ ಗಾಳಿ ಜೋರಾಗಿಯೇ ಇತ್ತು. ಪಾಳಿಯ ಹೆಂಗಸರು ಡಬ್ಬಿ ಹಿಡಿದು ಹತ್ತಿದರು. ಮೇಲ್ವಿಚಾರಕಿಯೂ ಹತ್ತಿದಳು. ದೋಣಿ ಬಾಣದ ಹಾಗೆ ಹೊರಟಿತು. ಕಂಬ ಬಂತು, ಕಂಬ ಹಿಂದೆ ಸರಿಯಿತು. ‘ಅಯ್ಯೋ, ಬುಗುರಿ ನೆಟ್ಟಗಾಯ್ತು ಕಣ್ರೇ!’ ಎಂದು ಯಾರೋ ಕೂಗಿದ್ದು ದಡದಲ್ಲಿದ್ದ ನನಗೂ ಕೇಳಿಸಿತು. ನಾನು ಮಗಳ ಕೈ ಹಿಡಿದು ಚಪ್ಪಾಳೆ ತಟ್ಟಿಸಿದೆ.

‘ತಟ್ಟು, ತಟ್ಟು. ಬೇಗ ತಟ್ಟಿಬಿಡು’ ಎಂದರು ಹಿಂದೆ ನಿಂತಿದ್ದ ಮಾವ.

ಗಾಳಿ ಒಮ್ಮೆ ಅಡ್ಡಕ್ಕೆ ಒದೆಯಿತು. ಪಟ್ಟಿ ಗಟ್ಟಿ ಮರ, ಬಾಗಲಿಲ್ಲ. ಅದನ್ನು ಹಿಡಿದಿದ್ದ ತಳದ ಹಲಗೆ ರಟ್ಟಿನಷ್ಟು ತೆಳು. ಸ್ಕ್ರೂಗಳು ಹಲಗೆಯ ತುಂಡುಗಳನ್ನು ಕಚ್ಚಿಕೊಂಡೇ ಕಿತ್ತುಬಂದವು. ದೋಣಿ ಮುಳುಗಿತು. ಎದೆಮಟ್ಟದ ನೀರಾದ್ದರಿಂದ ಯಾರ ಜೀವಕ್ಕೂ ಏನಾಗಲಿಲ್ಲ. ಡಬ್ಬಿಗಳು ತೇಲಿದವು. ಮೇಲ್ವಿಚಾರಕಿ ಸೀರೆ ಹಿಂಡುತ್ತಾ ಬೈದದ್ದನ್ನು ಇಲ್ಲಿ ಬರೆಯಲಾರೆ.

‘ಆ ತಳ ಪಟ್ಟಿ ತಡೆಯಲ್ಲ ಅಂತ ನಿಮಗೆ ಗೊತ್ತಿತ್ತಲ್ವಾ ಮಾವ?’ ಎಂದೆ.

‘ತಡೆಯುತ್ತಾ ಅಂತ ಅವಳು ಕೇಳ್ಲಿಲ್ಲ’ ಎಂದರು.

ಕೆಲಸ ಮೀನು ಮಾರುವವನೊಬ್ಬನ ಪಾಲಾಯಿತು. ಆತ ಹೊಸ ದೋಣಿಗೆ ನಮ್ಮ ಶೆಡ್ಡಿಗೇ ಬಂದ. ‘ಏನಕ್ಕೆ?’ ಎಂದರು ಮಾವ. ‘ಬುಗುರಿ ಮುಳುಗಿಸಿದ ಹೆಂಗಸರನ್ನ ದಾಟಿಸೋಕೆ’ ಎಂದು ಆತ ಹಲ್ಲು ಕಿರಿದ. ಆಳವಾದ ಹೊಟ್ಟೆ, ದಪ್ಪ ತಳ, ಉದ್ದ ಪಟ್ಟಿ ಇಟ್ಟು ಮಾವ ಕಟ್ಟಿಕೊಟ್ಟರು. ಅಷ್ಟೂ ದಿನ ಆತನಿಗೆ ಕಾಫಿ ಮಾಡಿಕೊಟ್ಟದ್ದು ಅತ್ತಿಗೆಯೇ.

ಆ ದೋಣಿ ನೀರಿಗಿಳಿದ ದಿನ ಅತ್ತಿಗೆ ತಮ್ಮದನ್ನು ದಡಕ್ಕೆಳೆದು ಹಲಗೆ ಹಲಗೆಯಾಗಿ ಬಿಚ್ಚಿದರು. ಬೆಂಚಿನ ಹಳೆಯ ಕಾಲುಗಳ ಮೇಲೆ ಅದೇ ತಳದ ಹಲಗೆ ಜೋಡಿಸಿ, ಉಳಿದಿದ್ದ ನೀಲಿ ಬಣ್ಣ ಬಳಿದರು. ದಪ್ಪಗೆ ಬಳಿದರು. ನೋಡಲು ಬಹಳ ಚೆಂದ.

‘ಕೂತ್ಕೊಳ್ಳಿ ಅಪ್ಪ. ನಿಮಗೇ ಅಂತ ಮಾಡಿದೀನಿ.’

ಮಾವ ಬೆಂಚಿನ ಮೇಲೆ ಕೈಯಿಟ್ಟರು. ಆ ಹಲಗೆ ಎಷ್ಟು ತೆಳು ಎಂದು ಅವರಿಗಿಂತ ಚೆನ್ನಾಗಿ ಬಲ್ಲವರಾರು? ಕೈ ತೆಗೆದರು. ‘ಇವತ್ತು ನಿಂತೇ ಉಣ್ತೀನಿ’ ಎಂದರು. ನೆಲದಲ್ಲಿ ಕೂರೋಣವೆಂದರೆ, ಬೆಂಚಿಲ್ಲದ ಅಷ್ಟೂ ದಿನ ನೆಲದಲ್ಲೇ ಕೂತು ಮಂಡಿ ಹಿಡಿದುಕೊಂಡಿದೆ, ಈಗ ಮಡಚುವುದಿಲ್ಲ. ಇನ್ನೊಂದು ಬೆಂಚು ಮಾಡಿಕೊಳ್ಳಬಹುದು, ಶೆಡ್ಡು ತುಂಬ ಮರವಿದೆ. ಆದರೆ ಹಾಗೆ ಮಾಡಿದರೆ ಮಗಳಿಗೆ ಹೆದರಿದರೆಂದು ಊರು ನಗುತ್ತದಲ್ಲ. ಅದನ್ನು ಮಾಡಲಾರರು.

ಹಾಗಾಗಿ ಮನೆಯಲ್ಲಿ ಈಗ ದಿನವೂ ಇದೇ. ಅತ್ತಿಗೆ ನೀಲಿ ಬೆಂಚನ್ನು ಒರೆಸುತ್ತಾರೆ. ‘ಕೂತ್ಕೊಳ್ಳಿ ಅಪ್ಪ’ ಎಂದು ಮುದ್ದಾಗಿ ಕರೆಯುತ್ತಾರೆ, ನಗುತ್ತಾರೆ. ಮಾವ ಗೋಡೆಗೊರಗಿ, ತಟ್ಟೆ ಹಿಡಿದು, ಕಾಲು ಬದಲಾಯಿಸುತ್ತಾ ನಿಲ್ಲುತ್ತಾರೆ. ಬಡಿಸಲು ನಾನು ಎದ್ದರೆ ಅತ್ತಿಗೆ ಸೌಟು ಬಿಡುವುದಿಲ್ಲ. ‘ನೀನು ಮಗು ನೋಡ್ಕೋ’ ಎಂದು, ಮೊದಲು ಸ್ವಲ್ಪ ಅನ್ನ ಹಾಕಿ ಒಳಗೆ ಹೋಗುತ್ತಾರೆ. ಸಾರು ತರಲು ಬಹಳ ಹೊತ್ತು ಮಾಡುತ್ತಾರೆ.