ಅಪ್ಪ ಆರಿಸಿದ ಹೋರಿಗಳು

ಮೇ ತಿಂಗಳಲ್ಲಿ ಪ್ಲೆಸೆಂಟನ್ ಕಡೆ ಫ್ರೀವೇಯಲ್ಲಿ ಹೋಗುವಾಗ ಕಾರಿನ ಗಾಜು ಇಳಿಸಿದರೆ, ಗುಡ್ಡದ ಹುಲ್ಲು ಒಣಗುವ ವಾಸನೆ ಬರುತ್ತದೆ. ಇಂದಿಗೂ ಅದು ಮೂಗಿಗೆ ಬಡಿದರೆ ನಾನು ಕಾರು ನಿಧಾನ ಮಾಡುತ್ತೇನೆ. ಎಂಬತ್ತರ ದಶಕದಲ್ಲಿ ನಾವು ಆ ಗುಡ್ಡಗಳ ಹಿಂದೆ, ಮಾಂಸಕ್ಕಾಗಿ ದನ ಸಾಕುವ ರ‍್ಯಾಂಚೊಂದರ ಮರದ ಮನೆಯಲ್ಲಿದ್ದೆವು. ಮಂಡ್ಯ ಕಡೆಯ ಅಪ್ಪ ಬೆಂಗಳೂರಿನಲ್ಲಿ ಪಶುವೈದ್ಯಕೀಯ ಓದಿದ್ದ. ಆ ಓದು ಇಲ್ಲಿ ನಡೆಯಲಿಲ್ಲ. ರ‍್ಯಾಂಚಿನ ಯಜಮಾನ ವಾಲ್ಟರ್ ನಮ್ಮ ಗ್ರೀನ್ ಕಾರ್ಡಿಗೆ ಅರ್ಜಿ ಹಾಕಿದ್ದ. ಅದು ಬರುವವರೆಗೆ ಅಪ್ಪ ಬೇರೆಲ್ಲೂ ಹೋಗುವಂತಿರಲಿಲ್ಲ. ಯಾವ ಹಸುವಿಗೆ ಯಾವ ವಂಶದ ಹೋರಿ ಎಂದು ಆರಿಸುವುದು ಅವನ ಕೆಲಸ. ಹಳ್ಳಿಕಾರ್ ದನ ಸಾಕಿದ್ದ ತಾತ ಗೊರಸು, ನಡಿಗೆ ನೋಡಿ ಕರು ಮುಂದೆ ಎಂಥ ಎತ್ತಾಗುತ್ತದೆಂದು ಹೇಳುತ್ತಿದ್ದರಂತೆ. ಅವರಿಂದ ಕಲಿತ ಕಣ್ಣಲ್ಲಿ ಅಪ್ಪ ಇಲ್ಲಿ ಮಾಂಸದ ತೂಕ ಅಳೆಯಬೇಕಾಗಿತ್ತು. ಅವ್ವ ದೊಡ್ಡಿಯ ಕಡೆ ಕಾಲಿಡುತ್ತಿರಲಿಲ್ಲ. ಕ್ಯಾಂಪ್‌ಬೆಲ್ ಊರಿನ ಕನ್ನಡದವರ ಮನೆಗಳಿಗೆ ಹೋದಾಗ, "ಇವ್ರು ಡೈರೀಲಿ ಇದಾರೆ" ಅನ್ನುತ್ತಿದ್ದಳು. ಆ ಸುಳ್ಳು ಉಳಿಯಬೇಕೆಂದರೆ ಯಾರನ್ನೂ ನಮ್ಮ ಮನೆಗೆ ಕರೆಯುವಂತಿರಲಿಲ್ಲ.

ಒಂದು ವರ್ಷ ವಾಲ್ಟರ್, ದೊಡ್ಡ ಮೂಳೆಯ, ಬೇಗ ಬೆಳೆಯುವ ವಂಶವೊಂದರ ಬೀಜವನ್ನೇ ಎಲ್ಲ ಹಸುಗಳಿಗೂ ಕೊಡು ಎಂದು ಹಟ ಹಿಡಿದ. ಚೊಚ್ಚಲ ಕಡಸುಗಳಿಗೆ ಹುಟ್ಟುವಾಗ ಸಣ್ಣಗಿರುವ ಕರುಗಳ ವಂಶವೇ ಆಗಬೇಕು ಎಂದು ಅಪ್ಪ ಹೇಳಿ ನೋಡಿದ. ವಾಲ್ಟರ್ ಕೇಳಲಿಲ್ಲ. ಅಂದು ರಾತ್ರಿ ಅಪ್ಪ ಊಟದ ತಟ್ಟೆ ಸರಿಸಿದ. "ಕರ ಹೊರಕ್ಕೇ ಬರಾಕಿಲ್ಲ ಕಣೆ," ಅಂದ. "ಹಂಗಂತ ಅವನ್ಗೇ ಹೇಳಿ," ಅಂದಳು ಅವ್ವ. "ಹೇಳ್ದೆ. ನಮ್ ಪೇಪರು ಅವನ ಕೈಲದೆ, ಇನ್ನೇನ್ ಹೇಳ್ಲಿ?" ತಾನು ಬೇಡವೆಂದ ಹೋರಿಯ ಬೀಜವನ್ನು ಅಪ್ಪ ತನ್ನ ಕೈಯಾರೆ ಕಡಸುಗಳಿಗೆ ಕೊಟ್ಟ.

ಮುಂದಿನ ಫೆಬ್ರವರಿಯ ಒಂದು ಮಧ್ಯಾಹ್ನ, ಕಪ್ಪು ಕಡಸೊಂದು ಬೆಳಗಿನಿಂದ ತಿಣುಕುತ್ತಿತ್ತು. ಕರುವಿನ ತಲೆ ಬಂದು ಸಿಕ್ಕಿಕೊಂಡಿತ್ತು; ಮುಂಗಾಲೊಂದು ಒಳಗೇ ಮಡಚಿಕೊಂಡಿತ್ತು. ಅಪ್ಪನ ದಪ್ಪ ಕೈ ಅದರ ಪಕ್ಕದಲ್ಲಿ ತೂರುತ್ತಿರಲಿಲ್ಲ. ಕಡಸಿನ ಕೂಗು ಕೇಳಲಾರದೆ ಅವ್ವ ಒಲೆ ಆರಿಸಿದಳು, ಬಳೆ ತೆಗೆದಿಟ್ಟಳು, ದೊಡ್ಡಿಗೆ ಬಂದು, "ಜರುಗಿ ಅತ್ಲಾಗೆ," ಅಂದಳು. ನಾನು ಬೇಲಿ ಹಿಡಿದು ನಿಂತಿದ್ದೆ. ಅವಳ ಸಣ್ಣ ಕೈ ಮೊಣಕೈವರೆಗೆ ಒಳಗೆ ಹೋಯಿತು. ತಲೆಯನ್ನು ಮೆಲ್ಲಗೆ ಹಿಂದಕ್ಕೆ ದೂಡಿ, ಅಪ್ಪ ಹೇಳಿದಂತೆ ತಡವಿ, ಗೊರಸನ್ನು ಅಂಗೈಯಲ್ಲಿ ಮುಚ್ಚಿ ಕಾಲನ್ನು ಎಳೆದು ತಂದಳು. ಆಮೇಲೆ ಇಬ್ಬರೂ ಸೇರಿ ಎಳೆದರು. ಕರು ಬದುಕಿತ್ತು, ಗಂಡು. ಸೆರಗಿನಿಂದ ಅದರ ಮೂಗು ಒರೆಸುತ್ತ ಅವ್ವ, "ಇದನ್ನೂ ಕಟುಕ್ರಿಗೆ ಕಳಿಸ್ತಾರಾ?" ಅಂದಳು. ಅಪ್ಪ ಎದ್ದು, ಅಷ್ಟರಲ್ಲಿ ದೊಡ್ಡಿಗೆ ಬಂದಿದ್ದ ವಾಲ್ಟರನ ಎದುರು ನಿಂತು, ಕಡಸುಗಳಿಗೆ ಈ ವಂಶ ಇನ್ನು ನಾನು ಕೊಡುವುದಿಲ್ಲ, ಬೇಕಿದ್ದರೆ ಬೇರೆಯವರನ್ನು ನೋಡಿಕೋ ಎಂದು ಇಂಗ್ಲಿಷಿನಲ್ಲಿ ಹೇಳಿದ. ನಮ್ಮನ್ನು ಅಂದೇ ಹೊರಗೆ ಹಾಕುತ್ತಾರೆಂದುಕೊಂಡೆ. ವಾಲ್ಟರ್ ರಕ್ತ ಮೆತ್ತಿದ ಅವ್ವನ ಕೈಯನ್ನೇ ನೋಡುತ್ತಿದ್ದು, ಕೊನೆಗೆ ಆಗಲಿ ಎಂದು ತಲೆಯಾಡಿಸಿದ.

ಮುಂದೆ ಗ್ರೀನ್ ಕಾರ್ಡೂ ಬಂತು. ಅವ್ವ ಪೆಟ್ಟಿಗೆ ತುಂಬಿದಳು. "ಈಸಲ ನಾನೇ ಆರ್ಸಿದೀನಿ, ಕರ ನೋಡ್ಕೊಂಡು ಹೋಗಾನ," ಅಂದ ಅಪ್ಪ. ಕರುಗಳು ಬಂದವು, ಅವುಗಳಲ್ಲಿ ಹೆಣ್ಣುಗಳು ಬೆಳೆದು ಹೇಗೆ ಹೆರುತ್ತವೋ ನೋಡಬೇಕೆಂದ. ಹೋರಿಯ ಗುಣ ತಿಳಿಯಲು ವರ್ಷಗಳೇ ಬೇಕು, ಅಷ್ಟರಲ್ಲಿ ಅವನು ಇನ್ನೊಂದನ್ನು ಆರಿಸಿರುತ್ತಿದ್ದ. ಯಾರೂ ಹಿಡಿದಿಟ್ಟಿರಲಿಲ್ಲ, ಆದರೂ ನಾವು ಅಲ್ಲೇ ಉಳಿದೆವು. ಅವ್ವ ಪೆಟ್ಟಿಗೆ ಬಿಚ್ಚಿದಳು.

ವಾಲ್ಟರನಿಗೆ ವಯಸ್ಸಾಗಿ, ಗುಡ್ಡ ಮನೆ ಕಟ್ಟುವವರ ಪಾಲಾಯಿತು. ಮಾರಿದ ದನಗಳನ್ನು ಲಾರಿಗೆ ತುಂಬುವ ದಿನ ಅವ್ವ ಅಪ್ಪನ ಪಕ್ಕ ನಿಂತು, "ನೀವು ಆರ್ಸಿದ್ರಲ್ಲಾ, ಆ ಹೋರಿಗಳ ಮಕ್ಳು ಯಾವು?" ಎಂದು ಕೇಳಿದಳು. ಅಪ್ಪ ಕೈ ಮಾಡಿ ತೋರಿಸಿದ. ಅವ್ವ ಒಂದೊಂದನ್ನೂ ನೋಡಿ, "ಸುಸೂತ್ರವಾಗಿ ಹೆತ್ತವು, ಪಾಪ," ಅಂದಳು. ಅವನ ಕೆಲಸದ ಬಗ್ಗೆ ಅವಳು ಆಡಿದ ಒಳ್ಳೆಯ ಮಾತು ಅದೊಂದೇ. ಅಪ್ಪ ಮುಖ ತಿರುಗಿಸಿಕೊಂಡ. ಲಾರಿಗಳ ಧೂಳು ಅಡಗಿದ ಮೇಲೂ ಇಬ್ಬರೂ ಆ ಖಾಲಿ ದೊಡ್ಡಿಯ ಎದುರು ನಿಂತೇ ಇದ್ದರು.